ರಸಾಯನವಿಜ್ಞಾನ ಸಂಶೋಧನೆ, ಬೆಂಗಳೂರಿನಲ್ಲಿ

ಬೆಂಗಳೂರಿನಲ್ಲಿ ರಸಾಯನವಿಜ್ಞಾನ ಸಂಶೋಧನೆಯು ಪೂರ್ಣಾವಧಿಯ ವೃತ್ತಿಯಾಗಿ ಬೇರೂರಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಪ್ರತಿಭೆಗೆ ಪ್ರಯೋಗಾಲಯ, ಮಾರ್ಗದರ್ಶಕರು, ಪದವಿ, ಹುದ್ದೆ ಒಂದೊಂದಾಗಿ ಒದಗಿಬಂದ ಕಥೆಯೇ ಈ ವೃತ್ತಿಯ ಇತಿಹಾಸ.

ಆರಂಭ: ಜೆಮ್‌ಶೆಟ್‌ಜಿ ಟಾಟಾ ಅವರ ದತ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ ಜಮೀನಿನ ಬಲದಿಂದ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಸಾಮಾನ್ಯ ರಸಾಯನವಿಜ್ಞಾನ, ಅನ್ವಯಿಕ ರಸಾಯನವಿಜ್ಞಾನ, ವಿದ್ಯುತ್ ತಂತ್ರವಿಜ್ಞಾನ ಇವು ಮೊದಲ ವಿಭಾಗಗಳು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಅವರೂ ರಸಾಯನವಿಜ್ಞಾನಿಯೇ. 1898ರಲ್ಲಿ ವಿಲಿಯಂ ರ‍್ಯಾಮ್ಸೆ ಅವರೊಂದಿಗೆ ಲಂಡನ್ನಿನಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು ಅವರು.

ಶ್ರೀಗಂಧದ ಎಣ್ಣೆ: 1914ರಲ್ಲಿ ಮಹಾಯುದ್ಧ ಆರಂಭವಾದಾಗ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಿತು. ಇಲ್ಲಿಯೇ ಎಣ್ಣೆ ತೆಗೆಯುವ ವಿಧಾನವನ್ನು ಸಂಸ್ಥೆಯ ರಸಾಯನವಿಜ್ಞಾನಿಗಳು ಪ್ರಯೋಗಿಸಿ ನೋಡಿದರು. ಗಂಧದ ಚೇಗನ್ನು ಪುಡಿಮಾಡಿ, ಅದರ ಮೂಲಕ ಹಬೆ ಹಾಯಿಸಿ ಬಟ್ಟಿ ಇಳಿಸುತ್ತಾರೆ. ಹಬೆಯೊಡನೆ ಎದ್ದ ಆವಿ ತಣಿದಾಗ ಎಣ್ಣೆ ನೀರಿನ ಮೇಲೆ ತೇಲಿ ಬೇರೆಯಾಗುತ್ತದೆ. ಅದರಲ್ಲಿರುವ ಸ್ಯಾಂಟಲಾಲ್ ಪ್ರಮಾಣದಿಂದ ಗುಣಮಟ್ಟವನ್ನು ಅಳೆಯುತ್ತಾರೆ. 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಎಣ್ಣೆ ಕಾರ್ಖಾನೆಗಳು ಶುರುವಾದವು. ಈ ಎಣ್ಣೆಯೇ ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳ.

ಮಹಿಳೆಯರ ಪ್ರವೇಶ: 1933ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೋನಿ) ಅವರ ಅರ್ಜಿಯನ್ನು ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕ ಸಿ. ವಿ. ರಾಮನ್ ಮೊದಲು ನಿರಾಕರಿಸಿದರು. ಪಟ್ಟುಬಿಡದ ಕಮಲಾ ಅವರಿಗೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ ಅವರು ಗೆದ್ದರು. ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ ಕಮಲಾ ಅವರು ಸಸ್ಯಗಳಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇರುವುದನ್ನು ತೋರಿಸಿ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಒಬ್ಬ ಸಮರ್ಥ ವಿದ್ಯಾರ್ಥಿನಿ ಇಷ್ಟು ಹೋರಾಡಬೇಕಾಗಿ ಬಂದದ್ದು ಅನ್ಯಾಯವೇ ಸರಿ.

ಸ್ವಾತಂತ್ರ್ಯಾನಂತರ: 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ದೊರೆತು, ತಾನೇ ಪದವಿ ನೀಡುವ ಅಧಿಕಾರ ಬಂದಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದ ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ 1959ರಲ್ಲಿ ಇಲ್ಲಿ ಅಧ್ಯಾಪಕರಾದರು. 1963ರಲ್ಲಿ ಕಾನ್ಪುರದ ಐಐಟಿಗೆ ಹೋಗಿ, 1976ರಲ್ಲಿ ಮರಳಿ ಘನಸ್ಥಿತಿ ಮತ್ತು ರಚನಾ ರಸಾಯನವಿಜ್ಞಾನ ಘಟಕವನ್ನು ಕಟ್ಟಿದರು. 1984ರಿಂದ 1994ರವರೆಗೆ ನಿರ್ದೇಶಕರಾಗಿದ್ದರು. 1989ರಲ್ಲಿ ಅವರು ಸ್ಥಾಪಿಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಜಕ್ಕೂರಿನಲ್ಲಿದೆ. 2014ರಲ್ಲಿ ಅವರು ಭಾರತರತ್ನ ಸ್ವೀಕರಿಸಿದರು.

ಇಂದಿನ ಹಾದಿ: ಎಂ.ಎಸ್ಸಿ. ಬಳಿಕ ಅರ್ಹತಾ ಪರೀಕ್ಷೆ, ಶಿಷ್ಯವೇತನದ ಆಸರೆಯಲ್ಲಿ ಪಿಎಚ್.ಡಿ., ಅನಂತರ ದೇಶದಲ್ಲೋ ಹೊರಗೋ ಪೋಸ್ಟ್‌ಡಾಕ್, ಕೊನೆಗೆ ಕಾಯಂ ಹುದ್ದೆ ಎಂಬುದು ರೂಢಿಯ ಕ್ರಮ. ಹುದ್ದೆ ಸಿಗುವ ಮುಂಚಿನ ವರ್ಷಗಳೇ ಅತಿ ಕಠಿಣ. ಶಿಷ್ಯವೇತನ ಸಕಾಲಕ್ಕೆ ಕೈಸೇರಿದರೆ ಮಾತ್ರ ಬಡ ಮನೆಯ ಮಕ್ಕಳೂ ಈ ವೃತ್ತಿಯಲ್ಲಿ ಉಳಿಯಬಲ್ಲರು.