ಹವಾನಾ ನಗರ ಕೃಷಿ

ಕ್ಯೂಬಾದ ರಾಜಧಾನಿ ಹವಾನಾದಲ್ಲಿ 1990ರ ದಶಕದ ಆಹಾರ ಬಿಕ್ಕಟ್ಟಿನ ನಡುವೆ ರೂಪುಗೊಂಡ ಕೃಷಿ ವ್ಯವಸ್ಥೆ. ಊರೊಳಗಿನ ಖಾಲಿ ನಿವೇಶನ, ಬೀಳುಜಾಗ, ಹಿತ್ತಿಲು ಮತ್ತು ನಗರದ ಅಂಚಿನ ಹೊಲಗಳಲ್ಲಿ ಸೊಪ್ಪು, ತರಕಾರಿ, ಹಣ್ಣುಗಳನ್ನು ರಾಸಾಯನಿಕ ಕೀಟನಾಶಕಗಳಿಲ್ಲದೆ ಬೆಳೆದು, ಬೆಳೆದಲ್ಲಿಯೇ ಮಾರುವುದು ಇದರ ಮುಖ್ಯ ಲಕ್ಷಣ. ಸುಮಾರು 20 ಲಕ್ಷ ಜನರಿರುವ ನಗರವೊಂದು ತಾಜಾ ತರಕಾರಿಗಾಗಿ ದೂರದ ಹಳ್ಳಿಗಳನ್ನೇ ನೆಚ್ಚಿಕೊಳ್ಳಬೇಕಿಲ್ಲ ಎಂಬುದನ್ನು ತೋರಿಸಿಕೊಟ್ಟ ಕಾರಣ, ಸುಸ್ಥಿರ ನಗರ ಯೋಜನೆಯ ಚರ್ಚೆಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಹಿನ್ನೆಲೆ

ಕ್ರಾಂತಿಯ ನಂತರದ ಕ್ಯೂಬಾ ಸೋವಿಯತ್ ಒಕ್ಕೂಟಕ್ಕೆ ಸಕ್ಕರೆ ಮಾರಿ, ಅಲ್ಲಿಂದ ತೈಲ, ಧಾನ್ಯ, ರಸಗೊಬ್ಬರ, ಟ್ರ್ಯಾಕ್ಟರ್‌ಗಳನ್ನು ತರಿಸಿಕೊಳ್ಳುತ್ತಿತ್ತು. ದೇಶದ ವಿದೇಶ ವ್ಯಾಪಾರದ ಶೇ. 80ಕ್ಕೂ ಹೆಚ್ಚು ಭಾಗ ಸಮಾಜವಾದಿ ಬಣದೊಂದಿಗೇ ನಡೆಯುತ್ತಿತ್ತು. ಫಲವತ್ತಾದ ಭೂಮಿಯ ದೊಡ್ಡ ಪಾಲನ್ನು ಕಬ್ಬು ಆವರಿಸಿಕೊಂಡಿದ್ದರಿಂದ ಜನರ ಊಟದ ಅರ್ಧಕ್ಕಿಂತ ಹೆಚ್ಚು ಭಾಗ ಹಡಗಿನಲ್ಲಿ ಬರಬೇಕಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಈ ಸರಪಳಿ ಕಡಿದುಬಿತ್ತು. ಅಮೆರಿಕದ ವ್ಯಾಪಾರ ದಿಗ್ಬಂಧನ 1992ರಲ್ಲಿ ಇನ್ನಷ್ಟು ಬಿಗಿಯಾಯಿತು. ಈ ಕಾಲವನ್ನು ಸರ್ಕಾರ 'ಶಾಂತಿಕಾಲದ ವಿಶೇಷ ಅವಧಿ' ಎಂದು ಕರೆಯಿತು.

1989ರಿಂದ 1993ರೊಳಗೆ ದೇಶದ ಒಟ್ಟು ಉತ್ಪನ್ನ ಸುಮಾರು ಮೂರನೆಯ ಒಂದು ಭಾಗದಷ್ಟು ಕುಗ್ಗಿತು. ಪಡಿತರ ಚೀಟಿಗೆ ಸಿಗುವ ಪದಾರ್ಥ ತಿಂಗಳಿಗೆ ಸಾಲದಾಯಿತು. 1992-93ರಲ್ಲಿ 50 ಸಾವಿರಕ್ಕೂ ಹೆಚ್ಚು ಜನ ದೃಷ್ಟಿ ಮತ್ತು ಕೈಕಾಲುಗಳ ನರಗಳನ್ನು ಕುಂದಿಸುವ ಕಾಯಿಲೆಗೆ ತುತ್ತಾದರು. ಬಿ ಗುಂಪಿನ ಜೀವಸತ್ವಗಳ ಕೊರತೆ ಅದರ ಮುಖ್ಯ ಕಾರಣಗಳಲ್ಲೊಂದು. ಹಳ್ಳಿಯಲ್ಲಿ ಬೆಳೆದದ್ದನ್ನು ನಗರಕ್ಕೆ ಸಾಗಿಸಲು ಡೀಸೆಲ್ ಇರಲಿಲ್ಲ, ಕೆಡದಂತೆ ಇಡಲು ವಿದ್ಯುತ್ ಇರಲಿಲ್ಲ. ತಿನ್ನುವವರಿರುವ ಕಡೆಯಲ್ಲೇ ಬೆಳೆಯದೆ ಬೇರೆ ದಾರಿ ಉಳಿದಿರಲಿಲ್ಲ.

ನಗರದ ಸುತ್ತ ಬೆಳೆ ಬೆಳೆಯುವ ಪ್ರಯತ್ನ ಅಲ್ಲಿಗೆ ಹೊಸದೇನೂ ಆಗಿರಲಿಲ್ಲ. 1967-68ರಲ್ಲಿ 'ಹವಾನಾ ಹಸಿರುಪಟ್ಟಿ' ಯೋಜನೆಯಡಿ ಸಾವಿರಾರು ನಗರವಾಸಿಗಳು ರಾಜಧಾನಿಯ ಸುತ್ತ ಕಾಫಿ ಗಿಡ ನೆಟ್ಟು, ಸಾಲುಗಳ ನಡುವೆ ತೊಗರಿ ಹಾಕಿದ್ದರು. ಅಲ್ಲಿನ ಮಣ್ಣಿಗೂ ಹವೆಗೂ ಕಾಫಿ ಒಗ್ಗಲಿಲ್ಲ, ದುಡಿಯಲು ಬಂದವರಿಗೆ ಬೇಸಾಯದ ಅನುಭವವೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಯೋಜನೆ ಕೈಬಿಟ್ಟುಹೋಯಿತು. ಮೇಲಿನಿಂದ ಬಂದ ಆಜ್ಞೆ ಮತ್ತು ಜನರ ಉತ್ಸಾಹ ಇವೆರಡರಿಂದಲೇ ಬೆಳೆ ಬರುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಏರುಮಡಿ ತೋಟಗಳು

ಹವಾನಾ ಕೃಷಿಯ ಹೆಗ್ಗುರುತು 'ಆರ್ಗನೊಪೊನಿಕೊ' ಎಂಬ ಏರುಮಡಿ ತೋಟ. ಮಣ್ಣಿಲ್ಲದೆ ಪೋಷಕ ದ್ರಾವಣದಲ್ಲಿ ತರಕಾರಿ ಬೆಳೆಯುವ ತೊಟ್ಟಿಗಳು ಕ್ಯೂಬಾದಲ್ಲಿ ಮೊದಲೇ ಇದ್ದವು. ಅವಕ್ಕೆ ಬೇಕಾದ ರಾಸಾಯನಿಕಗಳ ಆಮದು ನಿಂತಾಗ ಅದೇ ತೊಟ್ಟಿಗಳಿಗೆ ಮಣ್ಣು ಮತ್ತು ಕಾಂಪೋಸ್ಟ್ ತುಂಬಿ ಬೆಳೆ ತೆಗೆಯಲಾಯಿತು. 1980ರ ದಶಕದ ಕೊನೆಯಲ್ಲಿ ಸೇನಾ ನೆಲೆಗಳಲ್ಲಿ ಪರೀಕ್ಷಿಸಿದ್ದ ಈ ಪದ್ಧತಿಯನ್ನು ನಗರದೊಳಕ್ಕೆ ತರುವಲ್ಲಿ ಜನರಲ್ ಮೊಯ್ಸೆಸ್ ಸಿಯೊ ವಾಂಗ್ ಮುಂದಾಳಾಗಿದ್ದರು.

ಕಟ್ಟಡದ ಅವಶೇಷ ಬಿದ್ದ, ಗಟ್ಟಿಯಾದ, ಸತ್ವವಿಲ್ಲದ ನೆಲದ ಮೇಲೂ ಇಂಥ ತೋಟ ಮಾಡಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಒಡೆದ ಕಾಂಕ್ರೀಟ್ ತುಂಡು, ಇಟ್ಟಿಗೆ, ಹಳೆಯ ಹೆಂಚು, ಕಲ್ಲು, ಹೀಗೆ ಕೈಗೆ ಸಿಕ್ಕಿದ್ದರಿಂದ ಮಡಿಯ ಅಂಚು ಕಟ್ಟುತ್ತಾರೆ. ಅಗಲ ಸುಮಾರು 1.2 ಮೀಟರ್. ಎರಡೂ ಬದಿಯ ಕಾಲುದಾರಿಯಲ್ಲಿ ನಿಂತು ಕೈಚಾಚಿದರೆ ನಡುವಿನ ಗಿಡ ಎಟುಕುವುದರಿಂದ ಮಡಿಯ ಮಣ್ಣನ್ನು ಯಾರೂ ತುಳಿಯಬೇಕಾಗಿಲ್ಲ, ಅದು ಸಡಿಲವಾಗಿಯೇ ಉಳಿಯುತ್ತದೆ. ಮಣ್ಣಿನ ಜೊತೆ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಬೆರೆಸುತ್ತಾರೆ. ಪ್ರತಿ ಕಟಾವಿನ ನಂತರ ಮಡಿಗೆ ಮತ್ತೆ ಗೊಬ್ಬರ ಕೊಡದಿದ್ದರೆ ಇಳುವರಿ ಬೇಗ ಇಳಿಯುತ್ತದೆ. ಒಂದು ಮಡಿ ಖಾಲಿಯಾಗುವ ಹೊತ್ತಿಗೆ ಮುಂದಿನ ಬೆಳೆಯ ಸಸಿ ಸಿದ್ಧವಿರುತ್ತದೆ. ಲೆಟಿಸ್, ಮೂಲಂಗಿ, ಈರುಳ್ಳಿ ಸೊಪ್ಪು, ಸೌತೆ, ಟೊಮೆಟೊ, ಮೀಟರ್ ಅಲಸಂದೆ ಮುಖ್ಯ ಬೆಳೆಗಳು. ಸುಡುಬಿಸಿಲಿನ ತಿಂಗಳುಗಳಲ್ಲಿ ಲೆಟಿಸ್ ಬೇಗ ಹೂಕಾಂಡ ಬಿಡುವುದರಿಂದ ಮಡಿಗಳ ಮೇಲೆ ನೆರಳುಪರದೆ ಕಟ್ಟುತ್ತಾರೆ. ವರ್ಷಕ್ಕೆ ಚದರ ಮೀಟರಿಗೆ 20 ಕಿಲೊ ತರಕಾರಿ ತೆಗೆಯುವುದನ್ನು ರಾಷ್ಟ್ರೀಯ ಕಾರ್ಯಕ್ರಮ ಗುರಿಯಾಗಿ ಇಟ್ಟುಕೊಂಡಿತು.

ನಗರದೊಳಗೆ ರಾಸಾಯನಿಕ ಕೀಟನಾಶಕ ಬಳಸುವಂತಿಲ್ಲ. ಮಡಿಗಳ ತುದಿಯಲ್ಲಿ ಚೆಂಡುಹೂ, ಜೋಳ, ಸೂರ್ಯಕಾಂತಿ ಬೆಳೆಸಿ ಕೀಟಗಳನ್ನು ತಡೆಯುತ್ತಾರೆ, ಮಿತ್ರಕೀಟಗಳಿಗೆ ನೆಲೆ ಒದಗಿಸುತ್ತಾರೆ. ಕೀಟಗಳಿಗೆ ರೋಗ ತರುವ ಬ್ಯುವೇರಿಯಾ ಶಿಲೀಂಧ್ರವನ್ನೂ, ಬೇರುಕೊಳೆ ತಡೆಯುವ ಟ್ರೈಕೋಡರ್ಮಾವನ್ನೂ ತಯಾರಿಸಲು ದೇಶದಾದ್ಯಂತ 200ಕ್ಕೂ ಹೆಚ್ಚು ಸಣ್ಣ ಕೇಂದ್ರಗಳು ಹುಟ್ಟಿಕೊಂಡವು. ಕರ್ನಾಟಕದ ರೈತರು ತಲೆಮಾರುಗಳಿಂದ ಬಲ್ಲ ಬೇವು ಅಲ್ಲಿಯೂ ಬೇರೂರಿದ್ದು, ಅದರ ಬೀಜದ ಕಷಾಯವನ್ನು ಬೆಳೆಗೆ ಸಿಂಪಡಿಸುತ್ತಾರೆ.

ಭೂಮಿ, ಮಾರುಕಟ್ಟೆ, ಆಡಳಿತ

ಏರುಮಡಿಯ ತಂತ್ರದಷ್ಟೇ ಮುಖ್ಯವಾದದ್ದು ಅದರ ಸುತ್ತ ಕಟ್ಟಿದ ವ್ಯವಸ್ಥೆ. ಖಾಲಿ ಸರ್ಕಾರಿ ಜಾಗದ ಒಡೆತನವನ್ನು ಸರ್ಕಾರವೇ ಉಳಿಸಿಕೊಂಡು, ಬೆಳೆಯಲು ಮುಂದೆ ಬಂದವರಿಗೆ ಅನುಭೋಗದ ಹಕ್ಕನ್ನು ಉಚಿತವಾಗಿ ಕೊಟ್ಟಿತು. 1993ರಲ್ಲಿ ಸರ್ಕಾರಿ ಕೃಷಿಕ್ಷೇತ್ರಗಳನ್ನು ಒಡೆದು ಕಾರ್ಮಿಕರ ಸಹಕಾರಿ ಘಟಕಗಳನ್ನಾಗಿ ಮಾಡಲಾಯಿತು. 1994ರಲ್ಲಿ ರೈತ ಮಾರುಕಟ್ಟೆಗಳು ಮತ್ತೆ ತೆರೆದವು. ಬೆಳೆದದ್ದನ್ನು ಮಾರಿ ಸಂಪಾದಿಸುವ ಅವಕಾಶ ಸಿಕ್ಕಮೇಲೆ ಜನ ನೆಲದತ್ತ ಧೈರ್ಯವಾಗಿ ತಿರುಗಿದರು.

ಸಂತಿಯಾಗೊ ದೆ ಲಾಸ್ ವೇಗಾಸ್‌ನಲ್ಲಿರುವ ಉಷ್ಣವಲಯ ಕೃಷಿ ಸಂಶೋಧನಾ ಸಂಸ್ಥೆಯ ಅಡಾಲ್ಫೊ ರೊಡ್ರಿಗೆಸ್ ನೊಡಾಲ್ಸ್ ಅವರ ನೇತೃತ್ವದ ರಾಷ್ಟ್ರೀಯ ನಗರ ಕೃಷಿ ತಂಡ ದೇಶದ ಊರೂರಿಗೆ ಹೋಗಿ ತೋಟಗಳನ್ನು ಪರಿಶೀಲಿಸುತ್ತಿತ್ತು. ಬೀಜ, ಸಸಿ, ಜೈವಿಕ ಗೊಬ್ಬರ ಮಾರುವ ಜೊತೆಗೆ ಸಲಹೆಯನ್ನೂ ಕೊಡುವ ಅಂಗಡಿಗಳು ಬಡಾವಣೆಗಳಲ್ಲಿ ತೆರೆದವು. ಎಂದೂ ಮಣ್ಣು ಮುಟ್ಟದಿದ್ದ ನೌಕರ, ನಿವೃತ್ತ ಶಿಕ್ಷಕಿ ಕೂಡ ಹುಳ ಬಿದ್ದ ಎಲೆಯನ್ನು ಅಲ್ಲಿಗೆ ಒಯ್ದು ತೋರಿಸಿ ಪರಿಹಾರ ಕೇಳಬಹುದಿತ್ತು.

ಅಲಾಮಾರ್ ತೋಟ

ಹವಾನಾದ ಪೂರ್ವ ಭಾಗದ ಅಲಾಮಾರ್, 1970ರ ದಶಕದಲ್ಲಿ ತಲೆಯೆತ್ತಿದ ಕಾಂಕ್ರೀಟ್ ವಸತಿಗಳ ದೊಡ್ಡ ಬಡಾವಣೆ. ಅಲ್ಲಿನ ಕಟ್ಟಡಗಳ ನಡುವಿನ ಬಯಲಿನಲ್ಲಿ 1997ರಲ್ಲಿ ಕೃಷಿತಜ್ಞ ಮಿಗೆಲ್ ಸಾಲ್ಸಿನೆಸ್ ಮತ್ತು ಕೆಲವೇ ಸಂಗಡಿಗರು ಆರಂಭಿಸಿದ 'ವಿವೆರೊ ಅಲಾಮಾರ್' ಸಹಕಾರಿ ತೋಟ ಮುಂದೆ ಸುಮಾರು 11 ಹೆಕ್ಟೇರ್‌ಗೆ ಬೆಳೆದು 150ಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತು. ಲಾಭ ಸದಸ್ಯರಿಗೇ ಹಂಚಿಕೆಯಾಗುತ್ತದೆ. ದುಡಿಯುವವರಲ್ಲಿ ಮಹಿಳೆಯರೂ ಪಿಂಚಣಿದಾರರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ತೋಟದ ಬಾಗಿಲಲ್ಲೇ ಮಾರಾಟದ ಕಟ್ಟೆಯಿದೆ. ಬೆಳಿಗ್ಗೆ ಕಿತ್ತ ಸೊಪ್ಪು ಮಧ್ಯಾಹ್ನದೊಳಗೆ ಎದುರಿನ ಮನೆಗಳ ಅಡುಗೆಮನೆ ಸೇರಬಹುದು. ಸಾಗಾಟ, ಶೀತಲೀಕರಣ, ಪೊಟ್ಟಣ ಯಾವುದೂ ಬೇಡ.

ಮಿತಿಗಳು

ಹವಾನಾ ತನ್ನ ಆಹಾರವನ್ನೆಲ್ಲ ತಾನೇ ಬೆಳೆದುಕೊಳ್ಳುತ್ತದೆ ಎಂಬ ಮಾತು ನಿಜವಲ್ಲ. ಈ ತೋಟಗಳು ಕೊಡುವುದು ಸೊಪ್ಪು, ತರಕಾರಿ, ಸ್ವಲ್ಪ ಹಣ್ಣು. ಹೊಟ್ಟೆ ತುಂಬಿಸುವ ಅಕ್ಕಿ, ಗೋಧಿ, ಎಣ್ಣೆಗೆ ವಿಶಾಲ ಹೊಲಗಳೇ ಬೇಕು. ಕ್ಯೂಬಾ ಇಂದಿಗೂ ತನ್ನ ಆಹಾರದ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಚಂಡಮಾರುತಗಳು ನೆರಳುಪರದೆ, ಸಸಿಮನೆಗಳನ್ನು ಹಾರಿಸಿಕೊಂಡು ಹೋಗುತ್ತವೆ. ಆದರೆ ಮೂಲಂಗಿಯಂಥ ಅಲ್ಪಾವಧಿ ಬೆಳೆ ಸುಮಾರು ಒಂದು ತಿಂಗಳಲ್ಲೇ ಕೈಗೆ ಬರುವುದರಿಂದ ತೋಟಗಳು ಬೇಗ ಚೇತರಿಸಿಕೊಳ್ಳುತ್ತವೆ. 2020ರ ನಂತರದ ಆರ್ಥಿಕ ಕುಸಿತ, ಇಂಧನದ ಅಭಾವ ಮತ್ತು ದುಡಿಯುವ ವಯಸ್ಸಿನವರ ವಲಸೆ ನಗರ ಕೃಷಿಯನ್ನೂ ಬಾಧಿಸಿವೆ.

ನಗರ ಯೋಜನೆಯಲ್ಲಿ ಮಹತ್ವ

ನೀರು, ಚರಂಡಿ, ರಸ್ತೆಗಳಿಗೆ ನಕ್ಷೆಯಲ್ಲಿ ಜಾಗ ಗುರುತಿಸುವ ನಗರಗಳು ಆಹಾರವನ್ನು ಮಾತ್ರ ಲಾರಿಗಳ ಪಾಲಿಗೆ ಬಿಟ್ಟಿರುತ್ತವೆ. ಹವಾನಾ ಅದನ್ನು ಬದಲಿಸಿದ್ದು ಕೊರತೆಯ ಒತ್ತಡದಲ್ಲಿ. ಕಷ್ಟ ಬರುವ ಮೊದಲೇ ಇದನ್ನು ಮಾಡಬಯಸುವ ನಗರಕ್ಕೆ ಅದರ ಅನುಭವ ಸ್ಪಷ್ಟವಾಗಿ ಹೇಳುವುದಿಷ್ಟು: ಕೃಷಿಗೆ ಭೂಮಿಯನ್ನು ಕಾಯಂ ಆಗಿ ಮೀಸಲಿಡಬೇಕು, ಬೆಳೆಯುವವರಿಗೆ ಭದ್ರ ಹಕ್ಕಿರಬೇಕು, ನಗರದ ಹಸಿಕಸ ಗೊಬ್ಬರವಾಗಿ ಮಡಿಗೆ ಮರಳಬೇಕು, ಬೀಜ, ಸಲಹೆ ಮತ್ತು ಮಾರಾಟದ ಕಟ್ಟೆ ನಡೆದು ಹೋಗುವಷ್ಟು ಹತ್ತಿರವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹಸಿರುಪಟ್ಟಿಯ ಕಾಫಿ ಗಿಡಗಳ ಗತಿಯೇ ಉಳಿದ ತೋಟಗಳಿಗೂ ಬರಬಹುದು. ಎಲ್ಲವೂ ಕೂಡಿಬಂದರೆ ಧಾನ್ಯಕ್ಕಾಗಿ ಹಳ್ಳಿಯನ್ನು ನೆಚ್ಚಿಕೊಂಡೇ ದಿನನಿತ್ಯದ ಸೊಪ್ಪು ತರಕಾರಿಯ ದೊಡ್ಡ ಪಾಲನ್ನು ನಗರ ತನ್ನ ನೆಲದಲ್ಲೇ ಪಡೆಯಬಹುದು.