ವಾರ್ನಿಶ್ ದಪ್ಪಗೆ ಬಳಿದರೆ ಮರ ನುಣುಪಾಗುತ್ತದೆಯೇ?

ಹಳೆಯ ಬಾಗಿಲಿಗೋ ಮೇಜಿಗೋ ವಾರ್ನಿಶ್ ಹೊಡೆಯುವಾಗ ಹಲವರು ಡಬ್ಬಿ ಕುಲುಕಿ, ಒಂದೇ ಸಲ ದಪ್ಪಗೆ ಬಳಿದು, ಬಿಸಿಲಿಗೆ ಇಡುತ್ತಾರೆ. ದಪ್ಪಗಿದ್ದಷ್ಟೂ ನುಣುಪು ಎಂಬ ನಂಬಿಕೆ ನಿಜವೇ? ನೋಡೋಣ.

ಒಣಗುವುದು ಹೇಗೆ?

ಒದ್ದೆ ಬಟ್ಟೆ ಒಣಗುವಾಗ ನೀರು ಆವಿಯಾಗುತ್ತದೆ, ಅಷ್ಟೇ. ಎಣ್ಣೆ ಆಧಾರಿತ ವಾರ್ನಿಶ್ ಹಾಗಲ್ಲ. ಮೊದಲು ಅದರ ದ್ರಾವಕ ಆರಿಹೋಗುತ್ತದೆ. ಬಳಿಕ ಉಳಿದ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಗಟ್ಟಿ ಪದರವಾಗುತ್ತದೆ. ಆಮ್ಲಜನಕ ಸಿಗುವುದು ಮೇಲ್ಗಡೆಯಿಂದ. ಹಾಗಾಗಿ ದಪ್ಪಗೆ ಬಳಿದಾಗ ಹಾಲಿನ ಕೆನೆಯಂತೆ ಮೇಲ್ಭಾಗ ಮೊದಲು ಕಟ್ಟುತ್ತದೆ, ಒಳಭಾಗ ಹಸಿಯಾಗಿಯೇ ಇರುತ್ತದೆ. ಸುಕ್ಕು, ಅಂಟು ಬರುವುದು ಇದರಿಂದಲೇ. ಬಿಸಿಲಿನಲ್ಲಿಟ್ಟರೆ ಕೆನೆ ಇನ್ನೂ ಬೇಗ ಕಟ್ಟಿ, ಗುಳ್ಳೆಗಳೂ ಏಳುತ್ತವೆ.

ಹಾಗಾದರೆ ನುಣುಪು ಎಲ್ಲಿಂದ?

ಅರ್ಧ ನುಣುಪು ಬರುವುದು ಬಳಿಯುವ ಮೊದಲೇ.

- ಮರದ ಎಳೆಯ ದಿಕ್ಕಿನಲ್ಲೇ 120, 180, 220 ನಂಬರಿನ ಸ್ಯಾಂಡ್ ಪೇಪರ್‌ನಿಂದ ಕ್ರಮವಾಗಿ ಉಜ್ಜಿ, ದೂಳು ಪೂರ್ತಿ ಒರೆಸಿ.
- ಡಬ್ಬಿಯನ್ನು ಕುಲುಕಬೇಡಿ. ಗಾಳಿ ಸೇರಿ ಗುಳ್ಳೆಯಾಗುತ್ತದೆ. ಕಡ್ಡಿಯಿಂದ ನಿಧಾನವಾಗಿ ಕಲಕಿ.
- ಮೊದಲ ಕೋಟ್‌ಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿ.
- ಗಾಳಿಯಾಡುವ, ದೂಳಿಲ್ಲದ ನೆರಳಿನಲ್ಲಿ ತೆಳುವಾಗಿ ಬಳಿಯಿರಿ. ಸಾಮಾನ್ಯವಾಗಿ ಒಂದು ದಿನ ಬಿಟ್ಟು, 320 ನಂಬರಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಮುಂದಿನ ಕೋಟ್ ಹಾಕಿ. ಮೂರು ಕೋಟ್ ಸಾಕು.

ಮಳೆಗಾಲದಲ್ಲಿ ಒಣಗುವುದು ನಿಧಾನ. ಉಜ್ಜಿದಾಗ ಒಣ ಪುಡಿ ಬರದೆ ಸ್ಯಾಂಡ್ ಪೇಪರ್‌ಗೆ ಅಂಟಿಕೊಂಡರೆ ಇನ್ನೂ ಕಾಯಬೇಕು ಎಂದರ್ಥ.

ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆಯೇ?

ಕಟ್ಟುಕತೆಯಂತೆ ಕೇಳಿದರೂ ಇದು ನಿಜ. ಎಣ್ಣೆ ಆಮ್ಲಜನಕದೊಂದಿಗೆ ವರ್ತಿಸುವಾಗ ಶಾಖ ಹೊಮ್ಮುತ್ತದೆ. ಮರದ ಮೇಲೆ ಅದು ಗಾಳಿಗೆ ಹರಡಿಹೋಗುತ್ತದೆ. ಮುದ್ದೆಮಾಡಿ ಎಸೆದ ಬಟ್ಟೆಯೊಳಗೆ ಮಾತ್ರ ಕೂಡಿಕೊಳ್ಳುತ್ತಾ ಹೋಗಿ, ಕಿಡಿಯೇ ಇಲ್ಲದೆ ಬೆಂಕಿ ಹತ್ತಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಹೀಗೆಯೇ. ಮರದ ಕೆಲಸ ಮಾಡುತ್ತಿದ್ದವರು 22ನೇ ಮಹಡಿಯಲ್ಲಿ ಬಿಟ್ಟುಹೋಗಿದ್ದ, ಅಗಸೆ ಎಣ್ಣೆ ಹೀರಿದ ಬಟ್ಟೆಗಳಿಂದ ಅದು ಶುರುವಾಯಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ಆದ್ದರಿಂದ ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಮನೆಯ ಹೊರಗೆ ಒಂದೊಂದಾಗಿ ಬಿಡಿಸಿ ಹರಡಿ. ಪೂರ್ತಿ ಒಣಗಿ ಬಿರುಸಾದ ಮೇಲಷ್ಟೇ ಎಸೆಯಿರಿ. ಅಲ್ಲಿಯವರೆಗೆ ಹರಡಲು ಜಾಗವಿಲ್ಲದಿದ್ದರೆ, ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಒಟ್ಟಿನಲ್ಲಿ: ದಪ್ಪಗೆ ಬಳಿದರೆ ನುಣುಪು ಎಂಬುದು ತಪ್ಪು. ತೆಳುವಾದ ಕೋಟ್‌ಗಳು, ನಡುನಡುವೆ ಉಜ್ಜುವುದು ಮತ್ತು ತಾಳ್ಮೆ, ಇವೇ ನುಣುಪಿನ ಗುಟ್ಟು.