ಡಿಸ್ಕ್ ನಮ್ಮದು, ಕೀಲಿ ಯಾರದು?

ಇಂದಿನ ದೊಡ್ಡ ಗೇಮ್‌ಗಳಿಗೆ ಲ್ಯಾಪ್‌ಟಾಪಿನ ಹೊಟ್ಟೆ ಸಾಲುವುದಿಲ್ಲ. 2019ರಲ್ಲಿ ಪಿಸಿಗೆ ಬಂದ ‘ರೆಡ್ ಡೆಡ್ ರಿಡೆಂಪ್ಷನ್ 2’ ಕೇಳುವ ಜಾಗವೇ 150 ಗಿಗಾಬೈಟ್. ಹಾಗಾಗಿ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಸಿಕ್ಕಿಸಿ, ಗೇಮ್‌ಗಳನ್ನು ಅದರಲ್ಲೇ ಇನ್‌ಸ್ಟಾಲ್ ಮಾಡಿಕೊಳ್ಳುವುದು ಈಗ ಸಾಮಾನ್ಯ. ಆದರೆ ಈ ಸಣ್ಣ ಕೆಲಸದ ಇತಿಹಾಸವನ್ನು ಹಿಂಬಾಲಿಸುತ್ತ ಹೋದಂತೆ ನನ್ನನ್ನು ಕಾಡುವ ಪ್ರಶ್ನೆ ಬೇರೆಯೇ: ಡಿಸ್ಕ್ ನನ್ನದು ಸರಿ, ಅದರೊಳಗಿನ ಆಟ ಯಾರದು?

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಮರುವರ್ಷ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಫ್ಲಾಪಿಯನ್ನು ಹಾಕಿ ಯಂತ್ರ ಚಾಲೂ ಮಾಡಿದರೆ ನೇರವಾಗಿ ಆಟವೇ ಶುರುವಾಗುತ್ತಿತ್ತು. ಇನ್‌ಸ್ಟಾಲ್ ಎಂಬ ಮಾತಿಗೇ ಅಲ್ಲಿ ಕೆಲಸವಿರಲಿಲ್ಲ. 1983ರ ಪಿಸಿ ಎಕ್ಸ್‌ಟಿಯ ಜೊತೆ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಬಂದಿತು. ಆಟವನ್ನು ಅದಕ್ಕೆ ನಕಲು ಮಾಡಿಕೊಂಡು ಫ್ಲಾಪಿಯನ್ನು ಗೆಳೆಯರಿಗೆ ದಾಟಿಸಿಬಿಟ್ಟರೆ? ಈ ಭಯದಿಂದ ಕೆಲವು ಗೇಮ್‌ಗಳು ಹಾರ್ಡ್ ಡಿಸ್ಕಿನಿಂದ ಓಡುವಾಗಲೂ ಮೂಲ ಫ್ಲಾಪಿಯನ್ನು ತೋರಿಸು ಎನ್ನುತ್ತಿದ್ದವು. 1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಜೊತೆಗೆ ರಟ್ಟಿನ ಚಕ್ರವೊಂದು ಬರುತ್ತಿತ್ತು. ಅದನ್ನು ತಿರುಗಿಸಿ ಕಡಲ್ಗಳ್ಳನ ಮುಖ ಹೊಂದಿಸಿ, ಕಂಡ ಇಸವಿಯನ್ನು ಟೈಪ್ ಮಾಡಿದರೆ ಮಾತ್ರ ಒಳಗೆ ಪ್ರವೇಶ. ಆಟ ಒಂದು ಕಡೆ, ಕೀಲಿ ಇನ್ನೊಂದು ಕಡೆ ಎಂಬ ಏರ್ಪಾಡು ಅಷ್ಟು ಹಳೆಯದು. ಆದರೆ ಆಗ ಎರಡೂ ಇರುತ್ತಿದ್ದದ್ದು ಕೊಂಡವರ ಮನೆಯಲ್ಲೇ.

ಡಾಸ್ ಕಾಲದ ಬಹುತೇಕ ಗೇಮ್‌ಗಳು ಒಂದು ಫೋಲ್ಡರ್ ಅಷ್ಟೆ. ಎತ್ತಿ ಬೇರೆ ಡಿಸ್ಕಿಗೆ ಹಾಕಿದರೂ ಓಡುತ್ತಿದ್ದವು. 1993ರ ಡಿಸೆಂಬರ್ 10ರಂದು ಬಿಡುಗಡೆಯಾದ ‘ಡೂಮ್’ನ ಮೊದಲ ಭಾಗವನ್ನಂತೂ ನಕಲು ಮಾಡಿ ಹಂಚಿ ಎಂದು ತಯಾರಕರೇ ಹೇಳಿದ್ದರು. ವಿಂಡೋಸ್ 95 ಬಂದ ಮೇಲೆ ಚಿತ್ರ ಬದಲಾಯಿತು. ಗೇಮ್ ಎಲ್ಲಿದೆ, ಅದಕ್ಕೆ ಏನೇನು ಬೇಕು ಎಂಬ ಲೆಕ್ಕ ರಿಜಿಸ್ಟ್ರಿ ಎಂಬ ಕಡತದಲ್ಲಿ ದಾಖಲಾಗತೊಡಗಿತು. ಫೋಲ್ಡರ್ ಮಾತ್ರ ಹೊತ್ತುಕೊಂಡು ಹೋದರೆ ಎಷ್ಟೋ ಗೇಮ್‌ಗಳು ಹೊಸ ಯಂತ್ರದಲ್ಲಿ ಕಣ್ಣು ಬಿಡುತ್ತಿರಲಿಲ್ಲ.

ಹೊರಗಿನ ಡಿಸ್ಕಿನಿಂದಲೇ ಆಡುವುದಕ್ಕೆ ವೇಗವೂ ಬೇಕಿತ್ತು. ಯುಎಸ್‌ಬಿ 1.1ರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್; 2000ದ ಯುಎಸ್‌ಬಿ 2.0ರದ್ದು 480, 2008ರ 3.0ರದ್ದು 5 ಗಿಗಾಬಿಟ್. ಅಡ್ಡಿ ನಿವಾರಣೆಯಾದ ಮೇಲೆ 2014ರಲ್ಲಿ ಎಕ್ಸ್‌ಬಾಕ್ಸ್ ಒನ್, 2017ರಲ್ಲಿ ಪ್ಲೇಸ್ಟೇಷನ್ 4 ಹೊರಗಿನ ಡಿಸ್ಕಿಗೆ ಬಾಗಿಲು ತೆರೆದವು. ಎಕ್ಸ್‌ಬಾಕ್ಸ್‌ನ ಡಿಸ್ಕನ್ನು ಗೆಳೆಯನ ಮನೆಗೆ ಒಯ್ದು ಆಡಬಹುದಿತ್ತು. ಆದರೆ ಗೇಮಿನ ಮೂಲ ತಟ್ಟೆಯನ್ನೋ ಸ್ವಂತ ಖಾತೆಯ ಲಾಗಿನ್ನನ್ನೋ ಜೊತೆಗೆ ಒಯ್ಯಬೇಕಿತ್ತು. ಪ್ಲೇಸ್ಟೇಷನ್ 5ರಲ್ಲಿ ವೇಗವೇ ಮತ್ತೆ ಗೋಡೆಯಾಯಿತು. ಅದರ ಒಳಗಿನ ಎಸ್ಎಸ್‌ಡಿ ಸೆಕೆಂಡಿಗೆ 5.5 ಗಿಗಾಬೈಟ್ ಓದುತ್ತದೆ. ಯುಎಸ್‌ಬಿ ಡಿಸ್ಕ್ ಅದರ ಹತ್ತಿರವೂ ಸುಳಿಯಲಾರದು. ಹಾಗಾಗಿ ಆ ಯಂತ್ರದ ಗೇಮ್‌ಗಳನ್ನು ಹೊರಗಿನ ಯುಎಸ್‌ಬಿ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು, ಆಡಬೇಕೆಂದರೆ ಒಳಗೆ ತಂದುಕೊಳ್ಳಬೇಕು.

ಈ ನಡುವೆ ಕೀಲಿ ಮನೆ ಬಿಟ್ಟು ಹೋಗಿತ್ತು. 2004ರ ನವೆಂಬರ್‌ನಲ್ಲಿ ಬಂದ ‘ಹಾಫ್-ಲೈಫ್ 2’ರ ಡಬ್ಬಿಯನ್ನು ಅಂಗಡಿಯಿಂದ ತಂದವರೂ ಇಂಟರ್ನೆಟ್ ಮೂಲಕ ಸ್ಟೀಮ್‌ನಲ್ಲಿ ಅದನ್ನು ನೋಂದಾಯಿಸಲೇಬೇಕಿತ್ತು. ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಯೂಬಿಸಾಫ್ಟ್‌ನ ‘ದಿ ಕ್ರೂ’ ತೋರಿಸಿತು. 2014ರ ಈ ಕಾರ್ ರೇಸಿನ ಗೇಮನ್ನು ಒಬ್ಬರೇ ಆಡಿದರೂ ಸರ್ವರ್‌ನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಕಂಪನಿ ಸರ್ವರ್ ನಿಲ್ಲಿಸಿತು. ಜನರ ಡಿಸ್ಕುಗಳಲ್ಲಿ ಗೇಮಿನ ಕಡತಗಳು ಇದ್ದಲ್ಲೇ ಇದ್ದವು, ಆಟ ಮಾತ್ರ ಸತ್ತಿತ್ತು. ಇತ್ತ 1993ರ ‘ಡೂಮ್’ ಇಂದಿಗೂ ಓಡುತ್ತದೆ. ಅದರ ಫೋಲ್ಡರ್ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. 1997ರಲ್ಲಿ ತಯಾರಕರು ಮೂಲ ಕೋಡನ್ನೂ ಬಹಿರಂಗಪಡಿಸಿದ್ದರಿಂದ ಹೊಸ ಹೊಸ ಯಂತ್ರಗಳಿಗೆ ಅದನ್ನು ಹೊಂದಿಸುವವರು ಹುಟ್ಟಿಕೊಂಡರು. ಇಪ್ಪತ್ತು ವರ್ಷ ಹಿರಿಯ ಆಟ ಬದುಕಿದೆ, ಕಿರಿಯದು ಹೋಗಿದೆ.

ಈ ವ್ಯತ್ಯಾಸವನ್ನು ಕಾನೂನೂ ಗುರುತಿಸಿದೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾದ ನಿಯಮದಂತೆ, ಕೊಡುತ್ತಿರುವುದು ಬರಿಯ ಲೈಸೆನ್ಸ್ ಎಂಬುದನ್ನು ಆನ್‌ಲೈನ್ ಅಂಗಡಿ ಸ್ಪಷ್ಟಪಡಿಸದೆ ‘ಖರೀದಿ’ ಎಂಬ ಪದವನ್ನು ಬಳಸುವಂತಿಲ್ಲ. ಒಂದು ವಿನಾಯಿತಿ ಉಂಟು: ಕೊಂಡದ್ದನ್ನು ಹೊರಗಿನ ಸಂಗ್ರಹ ಸಾಧನಕ್ಕೆ ಶಾಶ್ವತವಾಗಿ ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆ ಬಳಸಲು ಬಿಟ್ಟರೆ ಈ ನಿಯಮ ಅನ್ವಯಿಸುವುದಿಲ್ಲ. ಮೇಜಿನ ಮೇಲಿನ ಆ ಪುಟ್ಟ ಪೆಟ್ಟಿಗೆ ಹೀಗೆ ಒಡೆತನದ ಅಳತೆಗೋಲಾಯಿತು. 2008ರಲ್ಲಿ ಶುರುವಾದ ಜಿಒಜಿ ಮಳಿಗೆ ಗೇಮ್‌ಗಳ ಇನ್‌ಸ್ಟಾಲರ್ ಕಡತವನ್ನೇ ಕೊಡುತ್ತ ಬಂದಿರುವುದು ಈ ಅರ್ಥದಲ್ಲೇ.

ಗೇಮ್‌ಗಳೂ ಕಥೆ ಹೇಳುತ್ತವೆ. ನಾಳೆ ಅವುಗಳ ಬಗ್ಗೆ ಬರೆಯಹೊರಡುವವರಿಗೆ ಆಡಿ ನೋಡಲು ಪ್ರತಿ ಬೇಕು. ಪ್ರತಿ ಉಳಿದಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಸರಳ: ಡಿಸ್ಕನ್ನು ಸಿಕ್ಕಿಸಿ, ಇಂಟರ್ನೆಟ್ ತೆಗೆದು, ಆಟ ಶುರುವಾಗುತ್ತದೆಯೇ ನೋಡುವುದು.